ಖಾರ್ತೂಮಿನಿಂದ ಕೆಂಪು ಸಮುದ್ರದತ್ತ: ಹಕ್ಕಿಪಿಕ್ಕಿಗಳ ಹದಿನಾಲ್ಕು ದಿನ

2023ರ ಏಪ್ರಿಲ್ 15, ಶನಿವಾರ. ರಂಜಾನ್ ಉಪವಾಸದ ತಿಂಗಳು. ನೀಲ ನೈಲ್, ಬಿಳಿ ನೈಲ್ ಕೂಡುವ ಊರು, ಸುಡಾನಿನ ರಾಜಧಾನಿ ಖಾರ್ತೂಮ್. ಬೆಳಿಗ್ಗೆ ಮೊದಲ ಗುಂಡು ಹಾರಿತು. ಅದರ ಸದ್ದು ಅಡಗುವ ಮುನ್ನ ನೂರು ಹಾರಿದವು.

ವಿಮಾನ ನಿಲ್ದಾಣದ ಮೇಲೆ ಕಪ್ಪು ಹೊಗೆ ಎದ್ದಿತು. ರಿಯಾದ್‌ಗೆ ಹೊರಡಲು ಅಣಿಯಾಗಿದ್ದ ಸೌದಿಯಾ ಕಂಪನಿಯ ಏರ್‌ಬಸ್ ಎ330ಕ್ಕೆ ಗುಂಡು ಬಿತ್ತು. ಜನ ಇಳಿದು ಓಡಿದರು. ರನ್‌ವೇ ರಣರಂಗವಾಯಿತು. ದೇಶದಿಂದ ಹೊರಹೋಗುವ ದೊಡ್ಡ ಬಾಗಿಲು ಒಂದೇ ಬೆಳಗಿನಲ್ಲಿ ಮುಚ್ಚಿತು.

ಅದೇ ಹೊತ್ತಿಗೆ ಬಾಡಿಗೆ ಕೋಣೆಗಳಲ್ಲಿ, ಅಗುಳಿ ಜಡಿದು, ಕಿಟಕಿಯಿಂದ ದೂರ ಸರಿದು, ನೆಲಕ್ಕೆ ಮೈಯೊತ್ತಿ ಮಲಗಿದವರಲ್ಲಿ ನಮ್ಮವರಿದ್ದರು. ಚನ್ನಗಿರಿ, ಶಿವಮೊಗ್ಗ, ಹುಣಸೂರು ಕಡೆಯ ಹಕ್ಕಿಪಿಕ್ಕಿ ಬುಡಕಟ್ಟಿನವರು. ಗಂಡ ಹೆಂಡತಿ, ಅಣ್ಣ ತಮ್ಮ, ಭಾವ ಮೈದುನ. ನೂರಕ್ಕೂ ಮೇಲೆ ಜನ. ಅವರ ಮಗ್ಗುಲಲ್ಲಿ ಗಿಡಮೂಲಿಕೆ ಎಣ್ಣೆಯ ಬಾಟಲಿಗಳು, ಬೇರು ನಾರಿನ ಚೀಲಗಳು, ಮಾರಿ ಮುಗಿಯದ ಮಾಲು.

ನಾಲ್ಕಾರು ತಿಂಗಳು ವ್ಯಾಪಾರ ಮಾಡಿ, ಸಾಲ ತೀರುವಷ್ಟು ಗಳಿಸಿ ಊರಿಗೆ ಮರಳುವುದು ಅವರ ವಾಡಿಕೆ. ಈ ಸಲ ಮರಳುವ ದಾರಿಯನ್ನು ಇಬ್ಬರು ಸೇನಾಧಿಪತಿಗಳು ಹಂಚಿಕೊಂಡು ಕೂತಿದ್ದರು.

ಒಬ್ಬ ಜನರಲ್ ಅಬ್ದುಲ್ ಫತ್ತಾಹ್ ಅಲ್ ಬುರ್ಹಾನ್, ಸುಡಾನ್ ಸೇನೆಯ ಮುಖ್ಯಸ್ಥ. ಇನ್ನೊಬ್ಬ ಮೊಹಮ್ಮದ್ ಹಮ್ದಾನ್ ದಗಾಲೊ, ಜನ ಕರೆಯುವುದು ಹೆಮೆಟಿ, ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಯ ಒಡೆಯ. 2021ರ ಅಕ್ಟೋಬರ್‌ನಲ್ಲಿ ಇಬ್ಬರೂ ಕೂಡಿ ಅಧಿಕಾರ ಕಿತ್ತುಕೊಂಡಿದ್ದರು. ಈಗ ಒಬ್ಬರ ಕುತ್ತಿಗೆಗೆ ಒಬ್ಬರು ಕೈಹಾಕಿದರು. ನಡುವೆ ಸಿಕ್ಕಿದ್ದು ಲಕ್ಷಾಂತರ ಜನರ ಜೀವ.

ಭಾರತದ ರಾಯಭಾರ ಕಚೇರಿ ಮೊದಲ ದಿನವೇ ಸಾರಿತು: ಮನೆಯಿಂದ ಹೊರಬರಬೇಡಿ. ಆದರೆ ಮನೆಯೊಳಗೂ ಗುಂಡು ಬರುತ್ತಿತ್ತು. ಕೇರಳ ಮೂಲದ ಒಬ್ಬ ಭಾರತೀಯ ಆ ಶನಿವಾರವೇ ತನ್ನ ಮನೆಯಲ್ಲೇ ಗುಂಡೇಟಿಗೆ ಬಲಿಯಾದ.

ಗೋಡೆಯೂ ಕಾಯದು, ಬೀದಿಯೂ ಕಾಯದು. ಇನ್ನೇನು ಕಾಯುತ್ತದೆ?

ಹಕ್ಕಿಪಿಕ್ಕಿಗಳಿಗೆ ಒಂದು ವಿದ್ಯೆ ಗೊತ್ತಿತ್ತು. ಗುಂಪು ಬಿಡದಿರುವ ವಿದ್ಯೆ.

ಆ ಜನದ ಬಾಳು ನೋಡಿ. ತಲೆತಲಾಂತರ ಕಾಡಿನ ಬೇಟೆ. ಹಕ್ಕಿ ಹಿಡಿದರು, ಬಲೆ ಹೆಣೆದರು, ಗುಡಾರ ಹೂಡಿದರು, ಕಿತ್ತರು, ಮತ್ತೆ ಹೂಡಿದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಬೇಟೆ ಅಪರಾಧವಾಯಿತು. ಒಂದು ಗೆರೆಯಲ್ಲಿ ಕುಲಕಸುಬು ಹೋಯಿತು. ಕೂತು ಅಳಲಿಲ್ಲ. ಕಾಡಿನ ಬೇರು, ಸೊಪ್ಪು, ತೊಗಟೆಯ ತಿಳಿವಳಿಕೆಯನ್ನು ಎಣ್ಣೆಗೆ ಇಳಿಸಿದರು. ದೊಡ್ಡ ಬಾಣಲೆಯಲ್ಲಿ ಕೊಬ್ಬರಿ ಎಣ್ಣೆ ಕಾಯಿಸಿ, ಮೂಲಿಕೆ ಹಾಕಿ ಕುದಿಸಿ, ಸೋಸಿ, ಬಾಟಲಿಗೆ ತುಂಬಿ ಮಾರಲು ಹೊರಟರು. ಜಾತ್ರೆ ದಾಟಿ ರಾಜ್ಯ, ರಾಜ್ಯ ದಾಟಿ ದೇಶ, ದೇಶ ದಾಟಿ ಆಫ್ರಿಕಾ. ಮನೆಯಲ್ಲಿ ಆಡುವುದು ವಾಗ್ರಿ, ಸಂತೆಯಲ್ಲಿ ಕನ್ನಡ. ಹೋದ ದೇಶದಲ್ಲಿ ಅಲ್ಲಿನ ಮಾತು ಕಲಿತು ಅದರಲ್ಲೇ ಚೌಕಾಸಿ ಮಾಡುತ್ತಾರೆ.

ಮಕ್ತಲ್, ನಾರಾಯಣಪೇಟೆ, ಗದ್ವಾಲ ಸೀಮೆಯ ನಮಗೆ ಇದು ಪರಕೀಯ ಕಥೆಯಲ್ಲ. ಗುಳೆ ನಮ್ಮ ನೆಲದ ಹಳೆಯ ಗಾಯ. ದೇಶದ ಎಷ್ಟೋ ಅಣೆಕಟ್ಟು, ಕಾಲುವೆಗಳಿಗೆ ಮಣ್ಣು ಹೊತ್ತದ್ದು ನಮ್ಮ ಪಾಲಮೂರಿನ ಕೂಲಿಗಳು. ಮುಂಬೈ, ಪುಣೆ, ಅದರಾಚೆ ಕೊಲ್ಲಿ ದೇಶಗಳಿಗೆ ಗಂಟು ಕಟ್ಟಿದವರು ನಮ್ಮ ಪ್ರತಿ ಓಣಿಯಲ್ಲೂ ಇದ್ದಾರೆ. ಹೊರಡುವುದು ಎಷ್ಟು ಕಷ್ಟ ಎಂಬುದು ನಮಗೆ ಗೊತ್ತು. ಯುದ್ಧದ ನಡುವಿನಿಂದ ಹೊರಟು ಮನೆ ಸೇರುವುದು ಹೇಗೆ? ಅದನ್ನು ಈ ಜನ ತೋರಿಸಿದರು.

ಎರಡನೆಯ ದಿನ ಕರೆಂಟ್ ಹೋಯಿತು. ಬಹ್ರಿ ಭಾಗದ ನೀರು ಶುದ್ಧೀಕರಣ ಘಟಕ ಕಾಳಗ ಶುರುವಾದಾಗಲೇ ನಿಂತಿತ್ತು. ನಲ್ಲಿ ಒಣಗಿದವು. ಏಪ್ರಿಲ್‌ನ ಖಾರ್ತೂಮ್ ಎಂದರೆ 40 ಡಿಗ್ರಿ ಸೆಲ್ಸಿಯಸ್. ಕಾದ ತಾರಸಿ, ಮುಚ್ಚಿದ ಕಿಟಕಿ, ಒಂದೇ ಕೋಣೆಯಲ್ಲಿ ಹತ್ತಾರು ಉಸಿರು. ಹೊರಗೆ ನೂರು ಮಾರು ದೂರದಲ್ಲಿ ನೈಲ್ ನದಿ ಹರಿಯುತ್ತಿದ್ದ ಮನೆಯಲ್ಲೂ ಕುಡಿಯಲು ಹನಿ ನೀರಿಲ್ಲ. ನದಿ ಕಾಣುತ್ತದೆ. ಹೋದರೆ ಬಂದೂಕಿನ ಗುರಿಗೆ ಸಿಗುತ್ತೀರಿ.

ಆಗ ಲೆಕ್ಕ ಶುರುವಾಯಿತು. ಅಕ್ಕಿ ಎಷ್ಟು, ಹಿಟ್ಟು ಎಷ್ಟು, ಯಾರಿಗೆ ಮೊದಲು. ಮೂರು ಹೊತ್ತಿನ ಊಟ ಒಂದು ಹೊತ್ತಿಗೆ ಇಳಿಯಿತು. ಫೋನುಗಳಲ್ಲಿ ಒಂದನ್ನು ಮಾತ್ರ ಉರಿಸಿ ಉಳಿದವನ್ನು ಆರಿಸಿಟ್ಟರೆ ಬ್ಯಾಟರಿ ಉಳಿಯುತ್ತದೆ. ಚಾರ್ಜ್ ಸತ್ತರೆ ಊರಿನ ನಂಟು ಸತ್ತಂತೆ.

ಆ ಬ್ಯಾಟರಿಯ ಕೊನೆಯ ಗೆರೆಗಳಲ್ಲೇ ಅವರು ದೊಡ್ಡ ಕೆಲಸ ಮಾಡಿದರು. ವಿಡಿಯೊ ತೆಗೆದರು. ವಾಟ್ಸ್ಆ್ಯಪ್‌ಗೆ ಹಾಕಿದರು. ಅನ್ನ ಇಲ್ಲ, ನೀರಿಲ್ಲ, ಸುತ್ತ ಗುಂಡು, ನಮ್ಮನ್ನು ಕರೆಸಿಕೊಳ್ಳಿ. ಆ ತುಣುಕುಗಳು ಹಾಡಿಯಿಂದ ಹಾಡಿಗೆ, ಅಲ್ಲಿಂದ ಪತ್ರಿಕೆಗೆ, ಅಲ್ಲಿಂದ ವಿಧಾನಸೌಧಕ್ಕೆ ಹಾರಿದವು.

ಅವರಲ್ಲಿ ಎಲ್ಲರಿಗಿಂತ ಕಠಿಣ ಜಾಗದಲ್ಲಿ ಸಿಕ್ಕಿಬಿದ್ದವರು 31 ಮಂದಿ. ಅವರು ಖಾರ್ತೂಮಿನಲ್ಲೂ ಇರಲಿಲ್ಲ.

ಅವರಿದ್ದುದು ಅಲ್ ಫಾಶಿರ್. ಉತ್ತರ ಡಾರ್ಫರ್‌ನ ರಾಜಧಾನಿ. ಖಾರ್ತೂಮಿನಿಂದ ಪಶ್ಚಿಮಕ್ಕೆ ಹಕ್ಕಿ ಹಾರಿದರೆ 800 ಕಿ.ಮೀ. ಸಮುದ್ರ ತೀರದ ಪೋರ್ಟ್ ಸುಡಾನ್‌ಗೆ ನೇರ ಗೆರೆ ಎಳೆದರೂ 1,400 ಕಿ.ಮೀ. ದಾಟುತ್ತದೆ. ರಸ್ತೆ ಹಿಡಿದರೆ ಇನ್ನೂ ಎಷ್ಟೋ ಹೆಚ್ಚು. ಸುತ್ತ ಮರುಭೂಮಿ, ಊರೊಳಗೆ ಕಾಳಗ. ಊರಿನ ದಕ್ಷಿಣ ಆಸ್ಪತ್ರೆ ಗಾಯಾಳುಗಳಿಂದ ತುಂಬಿ ತುಳುಕಿತು. 2003ರಿಂದ ನೆತ್ತರು ಕಂಡ ಸೀಮೆ ಅದು. ಬಂದೂಕು ಇಲ್ಲದವನೇ ಅಲ್ಲಿ ಪರದೇಶಿ.

ಏಪ್ರಿಲ್ 18ರಂದು, ಆಗ ಕರ್ನಾಟಕದ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಆ 31 ಜನರ ಸಂಗತಿಯನ್ನು ಟ್ವೀಟ್ ಮಾಡಿದರು. ವಿದೇಶಾಂಗ ಸಚಿವ ಎಸ್. ಜೈಶಂಕರ್ ಸಿಟ್ಟಿನಿಂದ ಉತ್ತರಿಸಿದರು. ಮೇ 10ಕ್ಕೆ ಕರ್ನಾಟಕದಲ್ಲಿ ಮತದಾನ. ಮಾತು ಬಿಸಿಯಾಗದೆ ಇರಲಿಲ್ಲ. ಆ ಜಗಳದಲ್ಲಿ ಯಾರು ಗೆದ್ದರೆಂಬುದು ನನಗೆ ಮುಖ್ಯವಲ್ಲ. ಹಕ್ಕಿಪಿಕ್ಕಿ ಎಂಬ ಹೆಸರು ಆ ದಿನ ದೇಶದ ಕಿವಿಗೆ ಬಿತ್ತು. ಅಷ್ಟು ಸಾಕು.

ಇತ್ತ ಸುಡಾನಿನಲ್ಲಿ 24 ತಾಸಿನ ಕದನವಿರಾಮ ಘೋಷಣೆಯಾಯಿತು. ಶುರುವಾಗುತ್ತಲೇ ಮುರಿಯಿತು. ಏಪ್ರಿಲ್ 21, ಈದ್ ಹಬ್ಬ. ಮತ್ತೆ ವಿರಾಮದ ಮಾತು. ಹಬ್ಬದ ದಿನವೂ ಫಿರಂಗಿ ಸಿಡಿಯಿತು. ಕೋಣೆಯಲ್ಲಿ ಅಡಗಿ ಕೂತವರು ಸದ್ದು ಕೇಳಿ ಅಂದಾಜು ಕಟ್ಟುವುದನ್ನು ಕಲಿತರು: ಇದು ದೂರದ್ದು, ಇದು ಪಕ್ಕದ ಬೀದಿಯದು, ಇದು ನಮ್ಮ ತಲೆಯ ಮೇಲಿನದು.

ಕೂತರೆ ಹಸಿವು ಕೊಲ್ಲುತ್ತದೆ. ಎದ್ದರೆ ಗುಂಡು ಕೊಲ್ಲಬಹುದು. ಏಳುವುದೇ ಲೇಸು ಎಂದು ನಿರ್ಧರಿಸಿದವರು ಗಂಟು ಕಟ್ಟಿದರು.

ಏನು ಒಯ್ಯಬೇಕು? ಪಾಸ್‌ಪೋರ್ಟ್ ಇದ್ದರೆ ಪಾಸ್‌ಪೋರ್ಟ್. ಉಳಿದ ಡಾಲರ್. ನೀರಿನ ಬಾಟಲಿ. ಲಕ್ಷಾಂತರ ರೂಪಾಯಿ ಸಾಲ ಮಾಡಿ ಕೊಂಡೊಯ್ದ ಎಣ್ಣೆಯನ್ನು ಅಲ್ಲೇ ಬಿಟ್ಟರು. ಆ ಒಂದೊಂದು ಬಾಟಲಿಯ ಹಿಂದೆ ಬಡ್ಡಿ ಓಡುತ್ತಿತ್ತು. ತಿರುಗಿ ನೋಡಲಿಲ್ಲ.

ವಿಮಾನವಿಲ್ಲ, ಉಳಿದದ್ದು ಬಂದರಿನ ದಾರಿ. ಈಗ ಬಸ್ಸು ಬೇಕು. ಡೀಸೆಲ್ ಸಿಗುತ್ತಿಲ್ಲ. ಸಿಕ್ಕರೆ ಕಾಳಸಂತೆಯ ದರ. ಬಸ್ಸಿನ ಬಾಡಿಗೆ ಬೆಳಿಗ್ಗೆ ಒಂದು, ಸಂಜೆಗೆ ಇನ್ನೊಂದು. ಹೊರಡುತ್ತೇನೆಂದ ಡ್ರೈವರ್ ಹೊರಡುತ್ತಾನೆಂಬ ಖಾತ್ರಿಯಿಲ್ಲ. ಹೊರಟರೆ ತಲುಪಿಸುತ್ತಾನೆಂಬ ಖಾತ್ರಿಯಂತೂ ಇಲ್ಲವೇ ಇಲ್ಲ.

ಖಾರ್ತೂಮಿನಿಂದ ಪೋರ್ಟ್ ಸುಡಾನ್‌ಗೆ ಸುಮಾರು 850 ಕಿ.ಮೀ. ಮಕ್ತಲ್‌ನಿಂದ ಕೃಷ್ಣಾ ಸೇತುವೆ ದಾಟಿ, ರಾಯಚೂರು ಹಿಡಿದು ಬೆಂಗಳೂರಿಗೆ ಹೋಗಿ, ಕಾಲೂರದೆ ವಾಪಸ್ ಬಂದಷ್ಟು ದೂರ. ದಾರಿಯಲ್ಲಿ ಚಹಾದಂಗಡಿ ಇಲ್ಲ, ಪೆಟ್ರೋಲ್ ಬಂಕಿನ ನಂಬಿಕೆ ಇಲ್ಲ. ಇರುವುದು ತಪಾಸಣೆಯ ಗೇಟುಗಳು.

ಮೊದಲ ಗೇಟು ಆರ್‌ಎಸ್‌ಎಫ್‌ನದು. ಬಂದೂಕಿನ ತುದಿ ಕಿಟಕಿಯೊಳಗೆ ತೂರುತ್ತದೆ. ಯಾವ ದೇಶ? ಇಂಡಿಯಾ. ಇಳಿಯಿರಿ. ಚೀಲ ಬಿಚ್ಚಿ. ಮೊಬೈಲ್ ಕೊಡಿ. ದುಡ್ಡು ತೆಗೆಯಿರಿ. ಆ ದಾರಿಯಲ್ಲಿ ಬಂದ ಎಷ್ಟೋ ಭಾರತೀಯರು ಇದೇ ಕಥೆ ಹೇಳಿದರು. ಮುಂದಿನ ಗೇಟು ಸೇನೆಯದು. ಹಿಂದಿನವರು ಬಿಟ್ಟದ್ದೇಕೆಂದು ಇವರು ಕೇಳುತ್ತಾರೆ. ತಪ್ಪು ಉತ್ತರ ಕೊಟ್ಟರೆ ಬಸ್ಸು ಅಲ್ಲೇ ನಿಲ್ಲುತ್ತದೆ.

ಶೆಂದಿ ದಾಟಬೇಕು. ಅತ್ಬರಾ ದಾಟಬೇಕು. ಹಸಿರು ಹಿಂದೆ ಸರಿದು ಮರಳು ಮುಂದೆ ಬರುತ್ತದೆ. ಹಯ್ಯಾ ಬಂದ ಮೇಲೆ ಕೆಂಪು ಸಮುದ್ರದ ಬೆಟ್ಟಸಾಲು. ತಿರುವು, ಇಳಿಜಾರು, ಮತ್ತೆ ತಿರುವು. ಒಳಗೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತವರ ಗಂಟಲು ಒಣಗಿ ಮಾತು ನಿಂತಿದೆ. ಕೊನೆಯ ತಿರುವಿನಲ್ಲಿ ಗಾಳಿ ಉಪ್ಪಾಗುತ್ತದೆ.

ಸಮುದ್ರ ಬಂತು. ಆದರೆ ಹಡಗು ಬಂದಿದೆಯೇ?

ಬಂದಿತ್ತು. ಐಎನ್‌ಎಸ್ ಸುಮೇಧಾ. ಗೋವಾ ಶಿಪ್‌ಯಾರ್ಡ್ ಕಟ್ಟಿದ ಕಾವಲು ನೌಕೆ, ಉದ್ದ 105 ಮೀಟರ್, 2014ರಲ್ಲಿ ನೌಕಾಪಡೆ ಸೇರಿದ್ದು. ಕಡಲ ಗಸ್ತಿಗೆ ಮಾಡಿದ ಹಡಗು. ಸಂಸಾರಗಳನ್ನು ಹೊರಲು ಮಾಡಿದ್ದಲ್ಲ. ಏಪ್ರಿಲ್ 24ರಂದು ಜೈಶಂಕರ್ ‘ಆಪರೇಷನ್ ಕಾವೇರಿ’ ಶುರುವಾಯಿತೆಂದು ಸಾರಿದಾಗ ಸುಮಾರು 500 ಭಾರತೀಯರು ಪೋರ್ಟ್ ಸುಡಾನ್ ಮುಟ್ಟಿದ್ದರು. ಮರುದಿನ 278 ಜನರನ್ನು ಹತ್ತಿಸಿಕೊಂಡು ಸುಮೇಧಾ ಲಂಗರು ಎತ್ತಿತು. ಡೆಕ್ಕಿನ ಮೇಲೆ, ಓಣಿಯಲ್ಲಿ, ಸಿಕ್ಕ ನೆರಳಲ್ಲಿ ಜನ. ಆಚೆ ದಡ ಜಿದ್ದಾ, ಸುಮಾರು 300 ಕಿ.ಮೀ. ನೀರು. ಹಿಂದೆಯೇ ಐಎನ್‌ಎಸ್ ತೇಗ್, ಐಎನ್‌ಎಸ್ ತರ್ಕಶ್ ಬಂದವು. ಮೇಲೆ ಆಕಾಶದಲ್ಲಿ ವಾಯುಪಡೆಯ ಸಿ-130ಜೆ ವಿಮಾನಗಳು ಜಿದ್ದಾದಿಂದ ಹೋಗಿ ಬರುತ್ತಿದ್ದವು.

ಜಿದ್ದಾದ ಇಂಟರ್‌ನ್ಯಾಷನಲ್ ಇಂಡಿಯನ್ ಸ್ಕೂಲ್ ರಾತ್ರೋರಾತ್ರಿ ಶಿಬಿರವಾಯಿತು. ಚಾಪೆ, ಊಟ, ಮದ್ದು, ವೈಫೈ. ಸಚಿವ ವಿ. ಮುರಳೀಧರನ್ ಅಲ್ಲೇ ನಿಂತು ಜನರನ್ನು ಇಳಿಸಿಕೊಂಡರು, ಹತ್ತಿಸಿದರು. ಎಷ್ಟೋ ದಿನಗಳ ನಂತರ ಒಂದು ಇಡೀ ರಾತ್ರಿ ಗುಂಡಿನ ಸದ್ದಿಲ್ಲದೆ ಕಳೆಯಿತು.

ಅಷ್ಟರಲ್ಲಿ ಖಾರ್ತೂಮಿನಲ್ಲಿ ಇನ್ನೂ ಒಂದು ಗುಂಪು ಸಿಕ್ಕಿಕೊಂಡಿತ್ತು. ಬಂದರಿಗೆ ಹೋಗಲು ಅವರಿಗೆ ದಾರಿಯೇ ಇರಲಿಲ್ಲ. ಒಟ್ಟು 121 ಮಂದಿ. ಅವರಲ್ಲಿ ಒಬ್ಬ ಗರ್ಭಿಣಿ. ಸಮುದ್ರ ಅವರ ಬಳಿ ಬರದು. ವಿಮಾನವೇ ಹೋಗಬೇಕು. ಇಳಿಯುವುದೆಲ್ಲಿ?

ಖಾರ್ತೂಮಿನಿಂದ ಉತ್ತರಕ್ಕೆ 40 ಕಿ.ಮೀ. ದೂರದ ವಾದಿ ಸೈಯಿದ್ನಾ. ಅಲ್ಲೊಂದು ಸೇನಾ ರನ್‌ವೇ, ಮೇಲ್ಮೈ ಕಿತ್ತುಹೋದದ್ದು. ದಾರಿ ತೋರುವ ಉಪಕರಣವಿಲ್ಲ. ಇಂಧನವಿಲ್ಲ. ಎಲ್ಲಕ್ಕಿಂತ ಭಯಂಕರ, ಇಳಿದಾಣದ ದೀಪಗಳಿಲ್ಲ. ಆದರೂ ವಾಯುಪಡೆ ರಾತ್ರಿಯನ್ನೇ ಆರಿಸಿತು.

ಏಪ್ರಿಲ್ 27ರ ರಾತ್ರಿ. ಸಿ-130ಜೆ ಕತ್ತಲೊಳಗೆ ನುಗ್ಗಿತು. ಪೈಲಟ್‌ಗಳ ಕಣ್ಣಿಗೆ ನೈಟ್ ವಿಷನ್ ಗಾಗಲ್ಸ್. ಲೋಕವೆಲ್ಲ ಹಸಿರು ಮಬ್ಬು. ಸಮೀಪ ಬಂದಾಗ ವಿಮಾನದ ಇನ್‌ಫ್ರಾರೆಡ್ ಕಣ್ಣಿನಿಂದ ರನ್‌ವೇಯನ್ನು ಅಳೆದರು. ಅಡ್ಡ ವಾಹನವಿದೆಯೇ? ಶತ್ರುವಿದ್ದಾನೆಯೇ? ಖಾಲಿ. ಗಾಗಲ್ಸ್ ಧರಿಸಿಯೇ ಇಳಿಸಿದರು. ಚಕ್ರ ಒಡಕು ನೆಲಕ್ಕೆ ಬಡಿಯಿತು, ಕುಪ್ಪಳಿಸಿತು, ಹಿಡಿತ ಕಂಡಿತು.

ಇಂಜಿನ್ ಆರಿಸಲಿಲ್ಲ. ನಾಲ್ಕೂ ಪ್ರೊಪೆಲರ್ ತಿರುಗುತ್ತಲೇ ಇವೆ. ಆರಿಸಿದರೆ ಮತ್ತೆ ಹೊತ್ತಿಕೊಳ್ಳದಿದ್ದರೆ? ಹಿಂದಿನ ಬಾಗಿಲು ಬಾಯಿ ತೆರೆಯಿತು. ಎಂಟು ಗರುಡ ಕಮಾಂಡೊಗಳು ಹಾರಿದರು, ಹರಡಿದರು, ಬಂದೂಕು ಕತ್ತಲಿಗೆ ಗುರಿಯಿಟ್ಟರು. ಭಾರತದ ಡಿಫೆನ್ಸ್ ಅಟ್ಯಾಶೆ ಮುಂದೆ ನಿಂತು ನಡೆಸಿಕೊಂಡು ಬಂದ ವಾಹನಗಳ ಸಾಲಿನಿಂದ ಜನ ಇಳಿದರು. ಗಾಳಿಯ ಹೊಡೆತಕ್ಕೆ ಕಣ್ಣು ಮುಚ್ಚಿ, ತಲೆ ತಗ್ಗಿಸಿ, ಒಬ್ಬರ ಕೈ ಒಬ್ಬರು ಹಿಡಿದು ಬಾಗಿಲತ್ತ ಓಡಿದರು. ಗಂಟುಗಳನ್ನು ಕಮಾಂಡೊಗಳೇ ಒಳಗೆ ಸಾಗಿಸಿದರು.

ವಿಮಾನ ಮತ್ತೆ ಅದೇ ದೀಪವಿಲ್ಲದ ಪಟ್ಟಿಯ ಮೇಲೆ ಓಡಿತು, ಗಾಗಲ್ಸಿನ ಕಣ್ಣಿನಲ್ಲೇ ಏರಿತು. ಎರಡೂವರೆ ತಾಸು. ಜಿದ್ದಾ. 121ಕ್ಕೆ 121.

ಇದೇ ಜಾತಿಯ ವಿಮಾನವನ್ನು ನಮ್ಮ ವಾಯುಪಡೆ 2013ರ ಆಗಸ್ಟ್‌ನಲ್ಲಿ ಲಡಾಖಿನ ದೌಲತ್ ಬೇಗ್ ಓಲ್ಡಿಯಲ್ಲಿ, 16,614 ಅಡಿ ಎತ್ತರದಲ್ಲಿ ಇಳಿಸಿತ್ತು. ಅಲ್ಲಿ ತೆಳುಗಾಳಿ ಕಾಡಿತು, ಇಲ್ಲಿ ಕುರುಡು ಕತ್ತಲು ಮತ್ತು ಯುದ್ಧ. ನನ್ನ ಮಟ್ಟಿಗೆ ವಾದಿ ಸೈಯಿದ್ನಾವೇ ಹೆಚ್ಚಿನ ಸಾಹಸ.

ಏಪ್ರಿಲ್ 28. ಜಿದ್ದಾದಿಂದ ಬೆಂಗಳೂರಿಗೆ ವಿಮಾನ. ಒಳಗೆ 362 ಭಾರತೀಯರು. ಅವರಲ್ಲಿ ಬಹಳ ಮಂದಿ ಹಕ್ಕಿಪಿಕ್ಕಿಗಳು. ಚಕ್ರ ನೆಲ ಮುಟ್ಟಿತು. ಹದಿನಾಲ್ಕನೆಯ ದಿನ. ಊರು ಬಂತು, ಕಾಡು ಬಂತು, ಮಕ್ಕಳ ಮುಖ ಇನ್ನೇನು ಕಂಡಂತೆಯೇ.

ಕೆಲವರನ್ನು ತಡೆದು ನಿಲ್ಲಿಸಲಾಯಿತು.

ಹಳದಿ ಜ್ವರದ ಚುಚ್ಚುಮದ್ದಿನ ಕಾರ್ಡ್ ಎಲ್ಲಿ? ಆ ಜ್ವರ ಆಫ್ರಿಕಾದಲ್ಲಿದೆ, ನಮ್ಮಲ್ಲಿಲ್ಲ. ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ ನಮ್ಮ ಮನೆಮನೆಯಲ್ಲಿದೆ. ಸೋಂಕು ಹೊತ್ತ ಒಬ್ಬ ಬಂದರೂ ಬೆಂಕಿ ಹತ್ತಬಹುದು. ಆದ್ದರಿಂದ ಕಾರ್ಡ್ ಇಲ್ಲದವರು ಆರು ದಿನ ಪ್ರತ್ಯೇಕ ಇರಬೇಕು. ಕಾನೂನು ಅಷ್ಟು ಬಿಗಿ. ಗುಂಡು ತಪ್ಪಿಸಿಕೊಂಡು ಬಂದವರು ಬೆಂಗಳೂರಿನಲ್ಲೇ, ಮನೆಯ ಹೊಸ್ತಿಲಿಗೆ ಕೆಲವೇ ತಾಸು ದೂರದಲ್ಲಿ, ಮತ್ತೆ ಕೋಣೆ ಸೇರಿದರು. ಆದರೆ ಈ ಕೋಣೆಯಲ್ಲಿ ಊಟವಿತ್ತು, ನೀರಿತ್ತು, ಕಿಟಕಿ ತೆರೆಯಬಹುದಿತ್ತು. ಕಾದರು. ಕಾಯುವುದರಲ್ಲಿ ಅವರಷ್ಟು ಪಳಗಿದವರು ಆ ವಾರ ಕರ್ನಾಟಕದಲ್ಲಿ ಇನ್ನಾರೂ ಇರಲಿಲ್ಲ.

ಮೇ 5ರಂದು 47 ಜನರನ್ನು ಹೊತ್ತ ಕೊನೆಯ ಸಿ-130ಜೆ ದೇಶಕ್ಕೆ ಬಂತು. ಒಟ್ಟು ಪಾರಾದವರು 3,862. ವಾಯುಪಡೆಯ 17 ಹಾರಾಟ, ನೌಕಾಪಡೆಯ 5 ಸರದಿ. 86 ಜನ ನೆರೆ ದೇಶಗಳ ಮೂಲಕ ಬಂದರು. ಮೇ 7ರಂದು ಶಿವಮೊಗ್ಗಕ್ಕೆ ಬಂದ ಪ್ರಧಾನಿ ನರೇಂದ್ರ ಮೋದಿ ಹಕ್ಕಿಪಿಕ್ಕಿಗಳನ್ನು ಕಂಡು ಮಾತನಾಡಿಸಿದರು.

ಹಡಗಿನವರಿಗೂ ವಿಮಾನದವರಿಗೂ ನಮಸ್ಕಾರ ಸಲ್ಲಬೇಕು, ಸಲ್ಲಿತು. ಒಂದು ಮಾತು ಮಾತ್ರ ಯಾರೂ ಸಾಕಷ್ಟು ಗಟ್ಟಿಯಾಗಿ ಹೇಳಲಿಲ್ಲ. ಸುಮೇಧಾ ನಿಂತದ್ದು ಬಂದರಿನಲ್ಲಿ. ಬಂದರಿನವರೆಗಿನ ನೂರಾರು ಕಿಲೋಮೀಟರ್ ದಾರಿಯನ್ನು ಹಸಿದ ಹೊಟ್ಟೆಯಲ್ಲಿ, ಬಂದೂಕಿನ ಮುಂದೆ ಕೈಮುಗಿದು ದಾಟಿದ್ದು ಆ ಸಂಸಾರಗಳೇ. ಈ ಸಾಹಸದ ದೊಡ್ಡ ಪಾಲು ಅವರದು.

ಅವರು ಕಳೆದುಕೊಂಡ ಮಾಲು ಮರಳಲಿಲ್ಲ. ಸಾಲ ಮಾತ್ರ ಊರಲ್ಲೇ ಕಾಯುತ್ತಿತ್ತು. ಇನ್ನು ಅಲ್ ಫಾಶಿರ್: 2024ರ ಮೇ ತಿಂಗಳಿಂದ ಆ ಊರಿಗೆ ಮುತ್ತಿಗೆ ಬಿತ್ತು. ಜನ ಮೇವು ತಿಂದು ಬದುಕಿದರು. 2025ರ ಅಕ್ಟೋಬರ್ 26ರಂದು ಆರ್‌ಎಸ್‌ಎಫ್ ಆ ಊರನ್ನು ಗೆದ್ದು ಹತ್ಯಾಕಾಂಡ ನಡೆಸಿತು. ಯುದ್ಧದ ಮೊದಲ ವಾರಗಳಲ್ಲೇ ಹೊರಬೀಳುವುದು ಎಷ್ಟು ದೊಡ್ಡ ಮಾತೆಂದು ಆಗ ತಿಳಿಯಿತು.

ನಮ್ಮ ಸೀಮೆಯಿಂದ ಹೊರದೇಶಕ್ಕೆ ಗುಳೆ ಹೊರಟಿರುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಇಷ್ಟು ಮಾಡಿ. ಇಳಿದ ವಾರವೇ ಭಾರತದ ರಾಯಭಾರ ಕಚೇರಿಯಲ್ಲಿ ಹೆಸರು, ವಿಳಾಸ, ಫೋನ್ ನಂಬರ್ ಬರೆಸಿ. ಪಾಸ್‌ಪೋರ್ಟ್ ಯಾರ ಕೈಗೂ ಬಿಟ್ಟುಕೊಡಬೇಡಿ. ಅದರ ಜೆರಾಕ್ಸ್ ಒಂದನ್ನು ಮನೆಯಲ್ಲಿ ಬಿಟ್ಟು ಹೋಗಿ. ಆಫ್ರಿಕಾಕ್ಕೆ ಹೋಗುವವರು ಹೊರಡಲು ಹತ್ತು ದಿನ ಮೊದಲೇ ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡು ಕಾರ್ಡ್ ಜೊತೆಗಿಡಿ. ಗಳಿಕೆಯಲ್ಲಿ ಒಂದು ಟಿಕೆಟ್ಟಿನಷ್ಟು ಹಣವನ್ನು ಎಂದಿಗೂ ಮುಟ್ಟಬೇಡಿ. ಮತ್ತು ಗುಂಪು ಬಿಡಬೇಡಿ.